ನಂಬಿಕೆ ಇಲ್ಲದವನು ಕಟ್ಟಳೆ ಪಾಲಿಸಿದರೆ ಅದಕ್ಕೆ ಅರ್ಥ ಇದೆಯಾ?

ಕ್ಯಾತಸಂದ್ರದವನು:

ನಮ್ಮ ಅಮ್ಮನಿಗೆ 74 ವರ್ಷ. ಹೋದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದು ಎಡಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿದ್ದಾರೆ. ಇಷ್ಟಲಿಂಗ ಪೂಜೆ ಆಗದೆ ಅಮ್ಮ ಒಂದು ಗುಟುಕು ಕಾಫಿಯನ್ನೂ ಕುಡಿಯುವವರಲ್ಲ. ಲಿಂಗ ಇಡಬೇಕಾದ್ದು ಎಡ ಅಂಗೈಯಲ್ಲಿ. ಪ್ಲಾಸ್ಟರಿನ ಭಾರಕ್ಕೆ ಕೈ ನಡುಗುತ್ತದೆ, ನಿಲ್ಲುವುದಿಲ್ಲ. "ನನ್ನ ಕೈ ಕೆಳಗೆ ನಿನ್ನ ಕೈ ಕೊಡು" ಅಂದರು.

ಈಗ ದಿನಾ ಬೆಳಿಗ್ಗೆ ಐದೂವರೆಗೆ ಅವರ ಪಕ್ಕ ಕೂರುತ್ತೇನೆ. ಪ್ಲಾಸ್ಟರ್ ನೆನೆಯದ ಹಾಗೆ ಹಾಲಿನ ಕವರ್ ಸುತ್ತಿ, ಅವರ ಕೈಯನ್ನು ನನ್ನ ಅಂಗೈ ಮೇಲೆ ಹೊತ್ತುಕೊಳ್ಳುತ್ತೇನೆ. ಅವರು ಬಲಗೈಯಿಂದ ನೀರು ಬಿಡುತ್ತಾರೆ, ವಿಭೂತಿ ಹಚ್ಚುತ್ತಾರೆ, ಒಂದು ಬಿಲ್ವಪತ್ರೆ ಏರಿಸುತ್ತಾರೆ. ಆಮೇಲೆ ಸುಮ್ನೆ ಲಿಂಗವನ್ನೇ ನೋಡುತ್ತಾರೆ. ನೀರು ಅವರ ಬೆರಳ ಸಂದಿಯಿಂದ ನನ್ನ ಅಂಗೈಗೆ ಇಳಿಯುತ್ತದೆ. ಇಪ್ಪತ್ತು ನಿಮಿಷ ಇಬ್ಬರೂ ಮಾತಾಡುವುದಿಲ್ಲ.

ನಾನು ಲಿಂಗ ಬಿಚ್ಚಿಟ್ಟು 22 ವರ್ಷ ಆಯಿತು. ಕರಡಿಗೆ ಬೀರುವಿನಲ್ಲಿದೆ. ಯಾಕೆ ಬಿಚ್ಚಿಟ್ಟೆ ಅಂತ ಅಮ್ಮ ಯಾವತ್ತೂ ಕೇಳಿರಲಿಲ್ಲ. ಹೋದ ಸೋಮವಾರ ಪೂಜೆ ಮುಗಿದ ಮೇಲೆ ಕೇಳಿದರು: "ನೀನೂ ಕಟ್ಕೊಳ್ತೀಯಾ?" ನನ್ನ ಬಾಯಿಂದ ಉತ್ತರ ಬರಲಿಲ್ಲ.

ದಿನಾ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುವವನು ನಾನು. ದಾರಿಯಲ್ಲಿ ಓದುತ್ತೇನೆ. ಎರಡು ವರ್ಷದಿಂದ ಯಹೂದಿ ತತ್ವಜ್ಞಾನ ಹಿಡಿದಿದೆ. ಯಹೂದಿಯಾಗಿ ಹುಟ್ಟಿದ ಡಚ್ ತತ್ವಜ್ಞಾನಿ ಸ್ಪಿನೋಜಾ 1670ರಲ್ಲಿ ಹೇಳಿದ: ಮೋಶೆಯ ಕಾನೂನು, ಅಂದರೆ ಯಹೂದಿ ಶಾಸ್ತ್ರದ ಕಟ್ಟಳೆಗಳು, ಹಳೇ ಇಬ್ರಿಯರ (ಯಹೂದಿಗಳ ಪೂರ್ವಿಕರ) ರಾಜ್ಯದ ಕಾನೂನು. ರಾಜ್ಯವೇ ಹೋದ ಮೇಲೆ ಅದು ಯಾರನ್ನೂ ಕಟ್ಟಿಹಾಕುವುದಿಲ್ಲ. ಓದಿದಾಗ ನನ್ನ ಮನಸ್ಸಿನ ಮಾತೇ ಅನ್ನಿಸಿತ್ತು. ಆದರೆ ಅಮ್ಮನ ಕೈ ಹೊತ್ತು ಕೂತಾಗ ಆ ವಾದ ನೆನಪಿಗೂ ಬರುವುದಿಲ್ಲ.

ಸ್ಪಿನೋಜಾ ಆದ ಮೇಲೆ ಬಂದವರು ಇದಕ್ಕೆ ಏನು ಹೇಳಿದರು? ನಂಬಿಕೆ ಇಲ್ಲದೆ ಮಾಡುವುದು ಮೋಸ ಅಲ್ವಾ? ಓದಿಕೊಂಡವರು ದಯವಿಟ್ಟು ಬಿಡಿಸಿ ಹೇಳಿ.

ಶಿಡ್ಲಘಟ್ಟದ ಮೇಷ್ಟ್ರು:

ಮೋಸೆಸ್ ಮೆಂಡೆಲ್ಸನ್ ಓದಿ. 1729ರಲ್ಲಿ ಜರ್ಮನಿಯ ಡೆಸಾವ್ ಊರಲ್ಲಿ ಹುಟ್ಟಿ ಬರ್ಲಿನ್ನಿಗೆ ಬಂದ ಯಹೂದಿ ತತ್ವಜ್ಞಾನಿ. ಅಲ್ಲಿ ರೇಷ್ಮೆ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದ, ಆಮೇಲೆ ಅದರಲ್ಲೇ ಪಾಲುದಾರನಾದ. ಗೂಡಿನ ಮಾರುಕಟ್ಟೆಯ ಪಕ್ಕ ಬೆಳೆದ ನನಗೆ ಅದಕ್ಕೇ ಅವನ ಮೇಲೆ ಒಂದು ಪ್ರೀತಿ.

ಅವನ 'ಜೆರುಸಲೇಮ್' ಪುಸ್ತಕ 1783ರಲ್ಲಿ ಬಂತು. ಅದರ ತಿರುಳು ಇದು. ಮೋಶೆಯ ಕಟ್ಟಳೆಗಳಲ್ಲಿ "ಇದನ್ನು ನಂಬು" ಅನ್ನುವ ಒಂದೂ ಇಲ್ಲ. ಎಲ್ಲವೂ "ಇದನ್ನು ಮಾಡು, ಇದನ್ನು ಮಾಡಬೇಡ". ನಂಬಿಕೆ ಬುದ್ಧಿಗೆ ಬಿಟ್ಟದ್ದು, ಅದಕ್ಕೆ ಯಾರೂ ಹುಕುಂ ಕೊಡಲಾಗದು. ಹಾಗಾಗಿ ನೀವು ಕೇಳಿದ "ಮೋಸ" ಅನ್ನುವ ಪ್ರಶ್ನೆ ಅವನ ಪ್ರಕಾರ ಏಳುವುದೇ ಇಲ್ಲ.

ಇನ್ನೊಂದು ಮಾತು ನನಗೆ ಇದಕ್ಕಿಂತ ಜಾಸ್ತಿ ಇಷ್ಟ. ಬರೆದಿಟ್ಟ ಅಕ್ಷರ ಜಡವಾಗುತ್ತದೆ, ಜನ ಅದನ್ನೇ ಪೂಜೆ ಮಾಡಲು ಶುರು ಮಾಡುತ್ತಾರೆ ಅಂತ ಅವನಿಗೆ ಭಯ. ಆಚರಣೆ ಹಾಗಲ್ಲ. ಮಾಡಿದ ಕೂಡಲೇ ಮುಗಿದು ಹೋಗುತ್ತದೆ. ಅದನ್ನು ಅವನು ಜೀವಂತ ಲಿಪಿ ಅನ್ನುತ್ತಾನೆ. ಹಿರಿಯರು ಮಾಡುತ್ತಾರೆ, ಚಿಕ್ಕವರು ನೋಡಿ "ಯಾಕೆ?" ಅಂತ ಕೇಳುತ್ತಾರೆ, ಮಾತು ಹುಟ್ಟುತ್ತದೆ. ನಿಮ್ಮನೆಯಲ್ಲಿ 22 ವರ್ಷ ಆಡದ ಮಾತು ಹುಟ್ಟಿದ್ದು ಹೀಗೇ ತಾನೇ?

ಶಿರಾ ಸೀಮೆ:

ಮೇಷ್ಟ್ರೇ, ಒಂದು ಎಚ್ಚರಿಕೆ. ಯಹೂದಿ ಕಟ್ಟಳೆಯ ಕಣ್ಣಿಗೆ ಅಂಗೈಯಲ್ಲಿರುವ ಲಿಂಗ ವಿಗ್ರಹ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವ ಮೊದಲು ಇದನ್ನು ಒಪ್ಪಿಕೊಳ್ಳಬೇಕು.

ನಾನು ಹೇಳಬೇಕಾದವರು ಯೆಶಾಯಾಹು ಲೈಬೊವಿಚ್ (1903–1994). ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಕಲಿಸಿದವರು, ಕಟ್ಟಳೆಗಳನ್ನು ಚಾಚೂ ತಪ್ಪದೆ ಪಾಲಿಸಿದವರು. ಕಟ್ಟಳೆಯಿಂದ ಆರೋಗ್ಯ, ನೆಮ್ಮದಿ, ಒಗ್ಗಟ್ಟು ಸಿಗುತ್ತದೆ ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಆ ಲಾಭಕ್ಕೆ ಮಾಡಿದರೆ ನೀನು ನಿನ್ನ ಸೇವೆ ಮಾಡಿಕೊಂಡ ಹಾಗೆ, ದೇವರ ಸೇವೆ ಅಲ್ಲ ಅನ್ನುತ್ತಿದ್ದರು. ಯಹೂದಿಗಳು ದಿನಾ ಹೇಳುವ 'ಶೆಮಾ' ಪ್ರಾರ್ಥನೆಯನ್ನೇ ಅವರು ತೋರಿಸುತ್ತಾರೆ. ಮೊದಲ ಭಾಗದಲ್ಲಿ ದೇವರನ್ನು ಪೂರ್ಣ ಮನಸ್ಸಿಂದ ಪ್ರೀತಿಸು ಅಂತಿದೆ. ಅದಕ್ಕೆ ಫಲ ಹೇಳಿಲ್ಲ. ಎರಡನೇ ಭಾಗದಲ್ಲಿ, ಆಜ್ಞೆ ಪಾಲಿಸಿದರೆ ಕಾಲಕ್ಕೆ ಸರಿಯಾಗಿ ಮಳೆ ಕೊಡುತ್ತೇನೆ ಅಂತಿದೆ. ಲೈಬೊವಿಚ್ ಮೊದಲನೆಯದರ ಕಡೆ. ಮಳೆಗೆ ಮುಗಿಲು ನೋಡಿ ಬೆಳೆದ ನಮ್ಮ ಕಡೆಯವರಿಗೆ ಆ ಎರಡನೇ ಭಾಗ ದಾಟುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ನಮ್ಮಲ್ಲಿ ಸಂಧ್ಯಾವಂದನೆಯನ್ನು ನಿತ್ಯಕರ್ಮ ಅನ್ನುವುದು ಇದಕ್ಕೆ ಹತ್ತಿರ. ಏನೋ ಬೇಕು ಅಂತ ಮಾಡುವುದು ಕಾಮ್ಯ, ಅದು ಬೇರೆ. ನಮ್ಮ ತಂದೆ ಬೆಳೆ ಹೋದ ವರ್ಷವೂ ಅರ್ಘ್ಯ ಬಿಡುವುದು ತಪ್ಪಿಸಲಿಲ್ಲ. ಅರ್ಥ ಹುಡುಕಬೇಡಿ, ಮಾಡಿ.

ತಿಪಟೂರು:

"ಅರ್ಥ ಹುಡುಕಬೇಡಿ, ಮಾಡಿ" ಅನ್ನುವುದು ಯಾರಿಗೆ ಸುಲಭ ಅಂತಲೂ ನೋಡಬೇಕಲ್ವಾ? ಮದುವೆಯಾಗಿ ಬಂದ ಮನೆಯಲ್ಲಿ ಒಂಬತ್ತು ವರ್ಷ, ತಿಂಗಳಿಗೆ ಮೂರು ದಿನ, ತೆಂಗಿನಕಾಯಿ ಸುರಿಯುವ ಕೊಟ್ಟಿಗೆಯಲ್ಲಿ ಮಲಗಿದವಳು ನಾನು. ಒಂದು ಚಾಪೆ, ಒಂದು ಲೋಟ. ಅದನ್ನೂ ಕಟ್ಟಳೆ ಅಂತಲೇ ಕರೆದರು.

ಅಮೆರಿಕದ ಯಹೂದಿ ಸ್ತ್ರೀವಾದಿ ಚಿಂತಕಿ ಜೂಡಿತ್ ಪ್ಲಾಸ್ಕೋ 1990ರಲ್ಲಿ ಬರೆದದ್ದನ್ನು ಓದಿ. ಸೀನಾಯಿ ಬೆಟ್ಟದಲ್ಲಿ ದೇವರಿಂದ ಕಾನೂನು ಸಿಗುವ ಮೊದಲು ಮೋಶೆ ಜನರಿಗೆ ಹೇಳುತ್ತಾನೆ: ಮೂರನೇ ದಿನಕ್ಕೆ ಸಿದ್ಧರಾಗಿ, ಹೆಂಗಸಿನ ಹತ್ತಿರ ಹೋಗಬೇಡಿ. ಹಾಗಾದರೆ ಆ "ಜನ" ಯಾರು? ಗಂಡಸರು ಮಾತ್ರ. ಹೆಣ್ಣು ಆ ಬೆಟ್ಟದ ಕೆಳಗೆ ನಿಂತಿದ್ದಳೋ ಇಲ್ಲವೋ ಅಂತ ಆಕೆ ಕೇಳುತ್ತಾರೆ. ಕಟ್ಟಳೆ ಬಿಟ್ಟು ಓಡಿ ಅನ್ನುವುದಿಲ್ಲ. ಮತ್ತೆ ಕಟ್ಟುವಾಗ ನಾವೂ ಇರಬೇಕು ಅನ್ನುತ್ತಾರೆ.

ಕ್ಯಾತಸಂದ್ರದವರೇ, ನಿಮ್ಮ ಅಮ್ಮನ ದಾರಿಯಲ್ಲಿ ಹೆಣ್ಣಿಗೂ ಲಿಂಗ ಇದೆ. ಶರಣರು ಸೂತಕವನ್ನು 12ನೇ ಶತಮಾನದಲ್ಲೇ ತಳ್ಳಿಹಾಕಿದ್ದರು. ಅದು ಸಣ್ಣ ವಿಷಯ ಅಲ್ಲ. ಉತ್ತರ ಕೊಡುವಾಗ ಅದನ್ನೂ ನೆನೆಯಿರಿ.

ಕೋಲಾರ ಪೇಟೆ:

ಜರ್ಮನಿಯ ಯಹೂದಿ ತತ್ವಜ್ಞಾನಿ ಫ್ರಾಂಜ್ ರೋಸೆನ್‌ಜ್ವೈಗ್ ಹೆಸರು ಯಾರೂ ಎತ್ತಲಿಲ್ಲವಲ್ಲ. ನಿಮ್ಮ ಪ್ರಶ್ನೆ ಪೂರ್ತಿ ಅವನದೇ.

1913ರಲ್ಲಿ ಇನ್ನೇನು ಕ್ರೈಸ್ತನಾಗುವವನಿದ್ದ. ಮನಸ್ಸು ತಿರುಗಿ ವಾಪಸ್ ಬಂದ. ಬಂದ ಮೇಲೂ ಎಲ್ಲವನ್ನೂ ಒಂದೇ ದಿನ ಹೊತ್ತುಕೊಳ್ಳಲಿಲ್ಲ. 1923ರಲ್ಲಿ ಇನ್ನೊಬ್ಬ ಯಹೂದಿ ತತ್ವಜ್ಞಾನಿ ಮಾರ್ಟಿನ್ ಬೂಬರ್‌ಗೆ ಒಂದು ತೆರೆದ ಪತ್ರ ಬರೆದ. ದೇವರು ಮಾತಾಡುತ್ತಾನೆ, ಆದರೆ ಕಾನೂನು ಹೊರಡಿಸುವುದಿಲ್ಲ, ಅದನ್ನು ಕಾನೂನು ಮಾಡುವುದು ಮನುಷ್ಯ ಅನ್ನುವುದು ಬೂಬರ್ ವಾದ. ರೋಸೆನ್‌ಜ್ವೈಗ್ ಹೇಳಿದ್ದು ಬೇರೆ. ಕಾಗದದ ಮೇಲಿರುವಾಗ ಅದು ಬರೀ ಕಾನೂನು ನಿಜ. ಆದರೆ ಒಬ್ಬ ಮನುಷ್ಯನ ಕಿವಿಗೆ, ಈ ಹೊತ್ತಿಗೆ, ಅದು ಮತ್ತೆ ಆಜ್ಞೆಯಾಗಬಹುದು. ಬೋರ್ಡಿನಲ್ಲಿ ಬರೆದದ್ದು ಕಾನೂನು. ನಿಮ್ಮ ಅಮ್ಮ "ಕೈ ಕೊಡು" ಅಂದದ್ದು ಆಜ್ಞೆ. ಯಾವುದು ಆಜ್ಞೆಯಾಗಿ ಕೇಳಿಸುತ್ತದೋ ಅದನ್ನು ಹೊರಗೆ ನಿಂತು ಲೆಕ್ಕ ಹಾಕಲು ಬರುವುದಿಲ್ಲ, ಮಾಡುತ್ತಾ ತಿಳಿಯುತ್ತದೆ.

ಆ ಪತ್ರದ ಹೆಸರು 'ಕಟ್ಟುವವರು'. ಯಹೂದಿ ಗುರುಗಳ ಚರ್ಚೆಗಳ ಹಳೇ ಗ್ರಂಥ ತಾಲ್ಮುದ್‌ನಲ್ಲಿ ಒಂದು ಮಾತಿದೆ: "ನಿನ್ನ ಮಕ್ಕಳು" ಅಂತ ಓದಬೇಡ, "ನಿನ್ನನ್ನು ಕಟ್ಟುವವರು" ಅಂತ ಓದು. ಹೀಬ್ರೂವಿನಲ್ಲಿ ಎರಡಕ್ಕೂ ಒಂದು ಸ್ವರದಷ್ಟೇ ವ್ಯತ್ಯಾಸ.

ಯಹೂದಿಗಳು ಬೆಳಗಿನ ಪ್ರಾರ್ಥನೆಗೆ ತೆಫಿಲ್ಲಿನ್ ಕಟ್ಟಿಕೊಳ್ಳುತ್ತಾರೆ. ಎರಡು ಪುಟ್ಟ ಚರ್ಮದ ಡಬ್ಬಿ, ಒಳಗೆ ಶಾಸ್ತ್ರದ ಸಾಲು. ಒಂದು ಹಣೆಗೆ, ಒಂದು ಸಾಮಾನ್ಯವಾಗಿ ಎಡ ತೋಳಿಗೆ. ನೀವು ಕಟ್ಟಿಕೊಳ್ಳುತ್ತೀರಾ ಅಂತ ಯಾರೋ ರೋಸೆನ್‌ಜ್ವೈಗ್‌ನನ್ನು ಕೇಳಿದರಂತೆ. ಅವನು "ಇಲ್ಲ" ಅನ್ನಲಿಲ್ಲ. "ಇನ್ನೂ ಇಲ್ಲ" ಅಂದನಂತೆ.

1922ರಲ್ಲೇ ಅವನಿಗೆ ನರಗಳ ಕಾಯಿಲೆ ಶುರುವಾಗಿತ್ತು. ಮೈ ನಿಂತಿತು, ಮಾತು ನಿಂತಿತು. ಒಂದೊಂದೇ ಅಕ್ಷರ ಸೂಚಿಸಿ ಹೇಳುತ್ತಿದ್ದ. ಹೆಂಡತಿ ಎಡಿತ್ ಅದನ್ನು ಕೂಡಿಸಿಕೊಳ್ಳುತ್ತಿದ್ದರು. 1929ರಲ್ಲಿ ತೀರಿಕೊಂಡ, 43ನೇ ವಯಸ್ಸು ತುಂಬುವ ಮೊದಲೇ. ನೀವು ಅಮ್ಮನ ಕೈ ಹೊತ್ತ ವಿಷಯ ಓದಿದಾಗ ನನಗೆ ಎಡಿತ್ ನೆನಪಾದರು.

ಕ್ಯಾತಸಂದ್ರದವನು:

ಎಲ್ಲರಿಗೂ ನಮಸ್ಕಾರ. ರೈಲಿನಲ್ಲಿ ಎರಡು ಸಲ ಓದಿದೆ.

ಲೈಬೊವಿಚ್ ನನಗೆ ಎಟುಕುವುದಿಲ್ಲ. ನಾನು ಕೈ ಕೊಟ್ಟದ್ದು ದೇವರಿಗಲ್ಲ, ಅಮ್ಮನಿಗೆ. ಅದನ್ನು ಅವರು ಪೂಜೆಯ ಲೆಕ್ಕಕ್ಕೆ ತೆಗೆದುಕೊಳ್ಳಲಾರರು ಅನ್ನಿಸುತ್ತದೆ. ತಿಪಟೂರಿನ ಅಕ್ಕ, ನಿಮ್ಮ ಮಾತು ಅಮ್ಮನಿಗೆ ಓದಿ ಹೇಳಿದೆ. "ಕೊಟ್ಟಿಗೇಲಾ?" ಅಂದು ಬಹಳ ಹೊತ್ತು ಸುಮ್ಮನಿದ್ದರು.

ಆ 'ಕಟ್ಟುವವರು' ಮಾತು ತಲೆಯಿಂದ ಹೋಗುತ್ತಿಲ್ಲ. ಕನ್ನಡದಲ್ಲಿ ಲಿಂಗ ಕಟ್ಟುವುದೂ ಕಟ್ಟುವುದೇ, ಮನೆ ಕಟ್ಟುವುದೂ ಕಟ್ಟುವುದೇ, ಕಟ್ಟಳೆಯೂ ಅದರಿಂದಲೇ ಬಂದದ್ದು. ಸ್ಪಿನೋಜಾ ಓದುವಾಗ ನನಗೆ ಕಟ್ಟಿಹಾಕುವುದೊಂದೇ ಕಂಡಿತ್ತು.

ನಿನ್ನೆ ಕರಡಿಗೆ ಹೊರಗೆ ತೆಗೆದೆ. ಬೆಳ್ಳಿ ಕಪ್ಪಾಗಿದೆ. ಶಿವದಾರ ಮುಟ್ಟಿದರೆ ಪುಡಿಯಾಗುತ್ತದೆ. ಅಮ್ಮನ ಮುಂದಿಟ್ಟು, "ಇನ್ನೂ ಇಲ್ಲ ಅಮ್ಮ" ಅಂದೆ. ಅವರು ಕರಡಿಗೆ ಹತ್ತಿರ ಎಳೆದುಕೊಂಡು, ಒಂದೇ ಕೈಯಲ್ಲಿ ಸೆರಗಿನಿಂದ ಉಜ್ಜಿದರು. ಆಮೇಲೆ ಅಂದರು: "ಸರಿ. ಬಿಲ್ವಪತ್ರೆ ಮುಗಿದಿದೆ, ಬರ್ತಾ ತಗೊಂಡು ಬಾ."