ಎತ್ತರದ ಛಾವಣಿಯ ವ್ಯಾನಿಗೆ ಎತ್ತರದ ಬಾಗಿಲು: ಸಲಹೆ ಬೇಕು

ಬಳಗದ ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದ ಓಹಾಯೋದಲ್ಲಿದ್ದೇವೆ. ನಮ್ಮಲ್ಲಿರುವುದು 2004ರ ಫೋರ್ಡ್ ಇ-250 ವ್ಯಾನು. ಹಿಂದಿನ ಮಾಲೀಕರು ತಗಡಿನ ಛಾವಣಿಯನ್ನು ಕತ್ತರಿಸಿ ಫೈಬರ್‌ಗ್ಲಾಸಿನ ಎತ್ತರದ ಛಾವಣಿ ಕೂರಿಸಿದ್ದಾರೆ. ಒಳಗೆ ನೆಟ್ಟಗೆ ನಿಲ್ಲಬಹುದಾದರೂ ಪಕ್ಕದ ಬಾಗಿಲುಗಳು ಮಾತ್ರ ಮೊದಲಿನ ಎತ್ತರದಲ್ಲೇ ಉಳಿದಿವೆ. ಗಾಲಿಕುರ್ಚಿಯಲ್ಲಿರುವ ನಮ್ಮ ತಂದೆಯವರು ಲಿಫ್ಟಿನಿಂದ ಒಳಗೆ ಹೋಗುವಾಗ ಪ್ರತಿಸಲವೂ ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು. ಹಾಗಿದ್ದೂ ಚೌಕಟ್ಟಿನ ಮೇಲಂಚಿನ ರಬ್ಬರು ಅವರ ಉಣ್ಣೆಯ ಟೋಪಿ ತಾಗಿ ತಾಗಿ ನುಣುಪಾಗಿದೆ.

ಇಲ್ಲಿ ಸಾರ್ವಜನಿಕ ಸಾರಿಗೆಯ ವ್ಯಾನು 22 ಅಡಿ ಮೀರದಿದ್ದರೆ, ಎತ್ತಿದ ಲಿಫ್ಟಿನ ಹಲಗೆಯಿಂದ ಬಾಗಿಲಿನ ಮೇಲಂಚಿಗೆ ಕನಿಷ್ಠ 56 ಅಂಗುಲ ಇರಬೇಕೆಂಬ ನಿಯಮವಿದೆ. ಸ್ವಂತ ವ್ಯಾನಿಗೆ ಅದು ಅನ್ವಯಿಸದಿದ್ದರೂ ನಾನು ಅದನ್ನೇ ಗುರಿಯಾಗಿಟ್ಟುಕೊಂಡಿದ್ದೇನೆ. ನಮ್ಮಲ್ಲಿ ಸಿಗುವುದು ಸುಮಾರು 48.

ನನ್ನ ಹಿಂಜರಿಕೆಗೆ ಮುಖ್ಯ ಕಾರಣ ಬಾಗಿಲಿನ ಮೇಲಿರುವ ಉಕ್ಕಿನ ಅಡ್ಡಪಟ್ಟಿ. ಛಾವಣಿಯ ತಗಡು ಆಗಲೇ ಹೋಗಿರುವುದರಿಂದ ಆ ಬದಿಯನ್ನು ಬಿಗಿಯಾಗಿ ಹಿಡಿದಿರುವುದು ಅದೇ. ಅದನ್ನು ಕತ್ತರಿಸಿದರೆ ಫೈಬರ್‌ಗ್ಲಾಸಿನ ಒಳಗೆ ಹೊಸ ಉಕ್ಕಿನ ಚೌಕಟ್ಟನ್ನು ಬೆಸುಗೆ ಹಾಕಿ ಕಂಬಗಳಿಗೆ ಸೇರಿಸದೆ ಗತಿಯಿಲ್ಲ, ಇಲ್ಲವಾದರೆ ವ್ಯಾನು ಮಗುಚಿದಾಗ ತಡೆಯುವುದಕ್ಕೆ ಏನೂ ಉಳಿಯುವುದಿಲ್ಲ. ನೆಲವನ್ನೇ ತಗ್ಗಿಸೋಣವೆಂದರೆ ಕೆಳಗೆ ಚಾಸಿಯ ಉದ್ದತೊಲೆಗಳು ಅಡ್ಡಬರುತ್ತವೆ.

ಇಂಥ ಕೆಲಸ ಮಾಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಗುಜರಿಗೆ ಬಂದ ಸಾರಿಗೆ ವ್ಯಾನಿನ ಎತ್ತರದ ಬಾಗಿಲುಗಳನ್ನು ಚೌಕಟ್ಟಿನ ಸಮೇತ ಕೂರಿಸುವುದು ಒಳ್ಳೆಯದೋ, ಇರುವ ಬಾಗಿಲುಗಳಿಗೇ ಮೇಲೆ ತುಂಡು ಸೇರಿಸುವುದೋ? ಹೆಚ್ಚಿದ ತೂಕಕ್ಕೆ ಕೀಲುಗಳು ಜೋತುಬಿದ್ದವೇ, ಮಳೆನೀರು ಸೋರಿತೇ? ಒಟ್ಟು ಖರ್ಚನ್ನೂ ಹೇಳಿದರೆ ಉಪಕಾರವಾದೀತು.