ಆನ್ಯೋ ನ್ಯೂವೋ ಸೀಲ್ ವಾಕ್: ಅತ್ತೆ-ಮಾವನ್ನ ಕರ್ಕೊಂಡು ಹೋಗಬಹುದಾ?

ಸನಿವೇಲ್ ಸೊಸೆ: ಮೈಸೂರಿಂದ ಅತ್ತೆ-ಮಾವ ಡಿಸೆಂಬರ್ ಕೊನೆಗೆ ಬರ್ತಿದ್ದಾರೆ. ಮಾವನಿಗೆ ಮಂಡಿನೋವು, ಮಗಳಿಗೆ ನಾಲ್ಕು ವರ್ಷ. ಕ್ಯಾಲಿಫೋರ್ನಿಯಾದಲ್ಲಿ ಸಾಂತಾ ಕ್ರೂಸ್ ಆಚೆ ಇರೋ ಆನ್ಯೋ ನ್ಯೂವೋ ಸ್ಟೇಟ್ ಪಾರ್ಕಿನ ಎಲಿಫೆಂಟ್ ಸೀಲ್ (ಗಂಡಿಗೆ ಸೊಂಡಿಲಿನಂಥ ಮೂಗಿರೋ ದೈತ್ಯ ಕಡಲಪ್ರಾಣಿ) ಗೈಡೆಡ್ ವಾಕ್‌ಗೆ ಹೋದವರು ಅನುಭವ ಹೇಳಿ. ಜನವರಿ ಒಳ್ಳೇದಾ, ಫೆಬ್ರವರಿನಾ?

ಫ್ರೀಮಾಂಟ್ ಲೆಕ್ಕಿಗ: ಮೊದಲು ದುಡ್ಡಿನ ಮಾತು. ನಾವು ಕೊಟ್ಟಿದ್ದು ತಲೆಗೆ 11 ಡಾಲರ್, ಪಾರ್ಕಿಂಗ್ 10 ಬೇರೆ. ಐದು ಜನ ಅಂದ್ರೆ 65. ಪೆಟ್ರೋಲು ಸೇರಿಸಿದ್ರೆ ನೂರರ ಹತ್ತಿರ. ಶನಿವಾರ ಬೆಳಿಗ್ಗೆಯ ಜಾಗ ಬೇಕಂದ್ರೆ ಸುಮಾರು ಎಂಟು ವಾರ ಮೊದಲೇ ಆನ್‌ಲೈನಲ್ಲಿ ಕಾದು ಕೂತ್ಕೋಬೇಕು. ಹೆದ್ದಾರಿ 92ರ ಮೇಲೆ ಹಾಫ್ ಮೂನ್ ಬೇ ಕಡೆ ವೀಕೆಂಡ್ ಟ್ರಾಫಿಕ್ ನಂಬಬೇಡಿ. ಗುಂಪು ಹೊರಟ ಮೇಲೆ ತಲುಪಿದ್ರೆ 55 ಡಾಲರ್ ನೀರುಪಾಲು. ಒಂದು ಗಂಟೆ ಮೊದಲೇ ಅಲ್ಲಿರೋ ಹಾಗೆ ಹೊರಡಿ. ಫೋನ್ ಸಿಗ್ನಲ್ ಭರವಸೆ ಇಲ್ಲ, ಟಿಕೆಟ್ ಡೌನ್‌ಲೋಡ್ ಮಾಡಿಟ್ಕೊಳ್ಳಿ.

ಸಾಂತಾ ಕ್ರೂಸ್ ಹಳಬ: ತಿಂಗಳು ಗೊತ್ತಿಲ್ಲದೆ ಲೆಕ್ಕ ಹಾಕಿ ಏನು ಪ್ರಯೋಜನ? ಗೈಡೆಡ್ ವಾಕ್ ಇರೋದು ಡಿಸೆಂಬರ್ 15ರಿಂದ ಮಾರ್ಚ್ 31ರವರೆಗೆ. ಡಿಸೆಂಬರ್ 1ರಿಂದ 14ರವರೆಗೆ ಸೀಲ್ ನೋಡೋಕೆ ಬಿಡಲ್ಲ. ಮೊದಲು ಬರೋವು ಗಂಡುಗಳು, ದಂಡೆಗಾಗಿ ಕಾದಾಟ. ಹೆಣ್ಣುಗಳು ಬಂದು ಮರಿ ಹಾಕೋದು ಜನವರಿಯಲ್ಲಿ ಜಾಸ್ತಿ. ಕಡಲಹಕ್ಕಿಗಳು ಒಂದೇ ಕಡೆ ಕೂಗಾಡ್ತಾ ಮುತ್ತಿಕೊಂಡ್ರೆ ಬೈನಾಕ್ಯುಲರ್ ಅಲ್ಲಿಗೆ ತಿರುಗಿಸಿ. ಈಗಷ್ಟೇ ಹೆರಿಗೆ ಆಗಿದೆ, ಹೆರಿಗೆಯ ಮಾಸು ತಿನ್ನೋಕೆ ಬಂದಿವೆ. ಹುಟ್ಟಿದಾಗ 34 ಕೆಜಿ ಇರೋ ಮರಿ ನಾಲ್ಕು ವಾರದ ಹಾಲಿಗೆ 120 ಕೆಜಿ ದಾಟುತ್ತೆ. ಅಷ್ಟೂ ದಿನ ತಾಯಿ ಉಪವಾಸ. ಆಮೇಲೆ ಬಿಟ್ಟು ಕಡಲಿಗೆ ಹೋಗಿಬಿಡುತ್ತೆ. ಮಾರ್ಚಲ್ಲಿ ಹೋದವರಿಗೆ ಸಿಗೋದು ಬಹುಪಾಲು ನಿದ್ದೆ ಹೊಡೆಯೋ ಮರಿಗಳು. ಫೆಬ್ರವರಿ ಮಧ್ಯ ಮಿಲನದ ಗಲಾಟೆ ಜೋರು. ಎರಡು ಟನ್ ಗಂಡು ನುಗ್ಗುವಾಗ ಮರಿ ಅಡಿಗೆ ಸಿಕ್ಕಿ ಸಾಯೋದೂ ಉಂಟು, ಗೈಡ್ ಅಡ್ಡ ಹೋಗಲ್ಲ. ಹಿರಿಯರಿಗೆ ಇದನ್ನ ಮನೆಯಲ್ಲೇ ಹೇಳಿ ಕರ್ಕೊಂಡು ಹೋಗಿ.

ಸ್ಯಾನ್ ಹೋಸೆ ಅಣ್ಣ: ಅಷ್ಟೆಲ್ಲ ಯಾಕೆ? ಸ್ಯಾನ್ ಫ್ರಾನ್ಸಿಸ್ಕೋದ ಪಿಯರ್ 39 ಅನ್ನೋ ದೋಣಿಕಟ್ಟೆ ಹತ್ತಿರ ಪುಕ್ಕಟೆ ಕಾಣುತ್ತಲ್ಲ.

ಸಾಂತಾ ಕ್ರೂಸ್ ಹಳಬ: ಅದು ಸೀ ಲಯನ್ ಸ್ವಾಮಿ! ಹೊರಗೆ ಕಾಣೋ ಪುಟ್ಟ ಕಿವಿ, ಮುಂಗಾಲ ಮೇಲೆ ಎದ್ದು ನಡೆಯುತ್ತೆ. ಎಲಿಫೆಂಟ್ ಸೀಲ್ ಹೊಟ್ಟೆಯ ಮೇಲೆ ಹುಳದ ಹಾಗೆ ತೆವಳುತ್ತೆ. ಗೊತ್ತಿಲ್ಲದಿದ್ರೆ ಸುಮ್ನಿರಿ.

ಕ್ಯೂಪರ್ಟಿನೋ ಅಕ್ಕ: ಎಲಿಫೆಂಟ್ ಸೀಲೇ ಪುಕ್ಕಟೆ ಬೇಕಂದ್ರೆ ಸ್ಯಾನ್ ಸಿಮಿಯನ್ ಹತ್ತಿರದ ಪಿಯೆಡ್ರಾಸ್ ಬ್ಲಾಂಕಾಸ್ ಕಡಲದಂಡೆ. ಟಿಕೆಟ್ ಇಲ್ಲ, ಬುಕಿಂಗ್ ಇಲ್ಲ, ರಸ್ತೆ ಪಕ್ಕದಲ್ಲೇ ಮರದ ಹಲಗೆ ಹಾದಿ. ಸ್ವಯಂಸೇವಕರು ನಿಂತು ವಿವರಿಸ್ತಾರೆ. ಆನ್ಯೋ ನ್ಯೂವೋ ಅಂದ್ರೆ ಮೂರು-ನಾಲ್ಕು ಮೈಲಿ, ಎರಡೂವರೆ ಗಂಟೆ, ಅರ್ಧ ದಾರಿ ಒಣ ಮರಳು. ಒಂದು ಹೆಜ್ಜೆ ಇಟ್ರೆ ಅರ್ಧ ಹೆಜ್ಜೆ ಹಿಂದೆ ಜಾರುತ್ತೆ.

ಫ್ರೀಮಾಂಟ್ ಲೆಕ್ಕಿಗ: ಪುಕ್ಕಟೆನಾ! ಹೆದ್ದಾರಿ 101 ಹಿಡಿದು 46ರಲ್ಲಿ ಇಳಿದು ಹೋಗೋಕೆ ಮೂರು ಗಂಟೆ ಮೇಲೆ, ವಾಪಸ್ ಅಷ್ಟೇ. ಬಿಗ್ ಸರ್ ದಾರಿ ಗುಡ್ಡ ಕುಸಿದು ಆಗಾಗ ಮುಚ್ಚಿರುತ್ತೆ. ರಾತ್ರಿ ಹೋಟೆಲ್ ಹಿಡಿದ್ರೆ ನಿಮ್ಮ ಪುಕ್ಕಟೆ 250 ಡಾಲರ್.

ಕ್ಯೂಪರ್ಟಿನೋ ಅಕ್ಕ: ಹೋಟೆಲ್ ಯಾರು ಹೇಳಿದ್ರು? ನಿಮಗೆ ಎಲ್ಲದರಲ್ಲೂ ಲೆಕ್ಕ.

ಮಿಲ್ಪಿಟಾಸ್ ಮೇಷ್ಟ್ರು: ಬೇಲಿ ಆಚೆಯಿಂದ ನೋಡೋದಕ್ಕೂ ಅದೇ ನೆಲದ ಮೇಲೆ ನಿಂತು ನೋಡೋದಕ್ಕೂ ವ್ಯತ್ಯಾಸ ಇದೆ. ಮೈಸೂರಿನವರಿಗೆ ನಾಗರಹೊಳೆ ಜೀಪ್ ಗೊತ್ತು. ಇಲ್ಲಿ ಜೀಪಿಲ್ಲ, ಕಾಲ್ನಡಿಗೆ. 25 ಅಡಿ ದೂರ ಬಿಡಲೇಬೇಕು, ಫೋಟೋಗೆ ಅಂತ ಬಗ್ಗಿ ಮುಂದೆ ಹೋಗಬಾರದು. ಮಳೆ ಬಂದ್ರೂ ವಾಕ್ ನಡೆಯುತ್ತೆ. ಕೊಡೆ ಬಿಡಲ್ಲ, ಟೋಪಿ ಇರೋ ರೈನ್‌ಕೋಟ್ ಬೇಕು. ಸ್ಟ್ರೋಲರ್ ಕೂಡ ಬಿಡಲ್ಲ, ನಾಲ್ಕು ವರ್ಷದ ಮಗು ಅಂದ್ರೆ ಕೊನೆಯ ಮೈಲಿ ಯಾರದ್ದಾದ್ರೂ ಹೆಗಲ ಮೇಲೆ. ಅತ್ತೆಯವರಿಗೆ ಸೀರೆ ಬೇಡ, ಮರಳುಗಾಳಿ. ಪುಳಿಯೋಗರೆ ಕಾರಲ್ಲಿರಲಿ. ಅಂದಹಾಗೆ ಎಲಿಫೆಂಟ್ ಸೀಲ್‌ಗೆ ಕನ್ನಡದಲ್ಲಿ ನೀರಾನೆ ಅನ್ನೋಣ.

ಸ್ಯಾನ್ ಹೋಸೆ ಅಣ್ಣ: ನೀರಾನೆ ಅಂದ್ರೆ ಹಿಪ್ಪೋ, ಮೇಷ್ಟ್ರೇ. ಗೊತ್ತಿಲ್ಲದಿದ್ರೆ ಸುಮ್ನಿರಿ ಅಂತ ಈಗ ನಾನು ಹೇಳಲಾ?

ಮಿಲ್ಪಿಟಾಸ್ ಮೇಷ್ಟ್ರು: ಹಿಪ್ಪೋ ನೀರ್ಗುದುರೆ. ಗ್ರೀಕಲ್ಲೂ ಅದೇ ಅರ್ಥ.

ಸನಿವೇಲ್ ಸೊಸೆ: ಮಂಡಿನೋವಿನ ವಿಷಯ ಯಾರೂ ಹೇಳಲೇ ಇಲ್ಲವಲ್ಲ...

ಸಾಂತಾ ಕ್ರೂಸ್ ಹಳಬ: ನಡೆಯೋಕೆ ಆಗದವರಿಗೆ ವ್ಯಾನ್ ಮತ್ತು ಹಲಗೆ ಹಾದಿಯ ಪ್ರತ್ಯೇಕ ಟೂರ್ ಇದೆ. ಎಲ್ಲ ದಿನ ಇರಲ್ಲ, ಜಾಗ ಕಮ್ಮಿ, ಫೋನ್ ಮಾಡಿ ಮೊದಲೇ ಹಿಡಿಬೇಕು. ಅದು ಸಿಗದಿದ್ರೆ ಮಾವನನ್ನ ಸಾಂತಾ ಕ್ರೂಸಿನ ನ್ಯಾಚುರಲ್ ಬ್ರಿಡ್ಜಸ್ ಪಾರ್ಕಿಗೆ ಕರ್ಕೊಂಡು ಹೋಗಿ, ಅಲ್ಲಿ ಮೊನಾರ್ಕ್ ಚಿಟ್ಟೆ ನೋಡಬಹುದು. 55 ಡಿಗ್ರಿ ಫ್ಯಾರನ್‌ಹೀಟ್ ಒಳಗಿದ್ರೆ ಹಾರಲ್ಲ, ನೀಲಗಿರಿ ಮರಕ್ಕೆ ಒಣಗೆಲೆ ಗೊಂಚಲಿನ ಹಾಗೆ ಜೋತಿರುತ್ತವೆ. ಬಿಸಿಲೇರಿದ ಮೇಲೆ ಹೋಗಿ. ಜನವರಿ ಕೊನೆಗೆ ಹೊರಟುಬಿಡ್ತವೆ.

ಕ್ಯೂಪರ್ಟಿನೋ ಅಕ್ಕ: ಹಲಗೆ ಹಾದಿ ಅಂತ ನಾನು ಮೊದಲೇ ಹೇಳಿದ್ದೆ.

ಫ್ರೀಮಾಂಟ್ ಲೆಕ್ಕಿಗ: ಆ ಹಾದಿ ಬೇರೆ, ಈ ಹಾದಿ ಬೇರೆ. ಚಿಟ್ಟೆಗೂ ಪಾರ್ಕಿಂಗ್ 10 ಡಾಲರ್, ಬರ್ಕೊಳ್ಳಿ.