ಬಾಣಂತಿಗೆ ನೀರು ಕೊಡಬಾರದೆಂಬ ಸಂದೇಶವೂ ನಮ್ಮ ಮನೆಯ ಗುಂಪೂ

ಹೆರಿಗೆಯಾದ ಒಂಬತ್ತನೆಯ ದಿನ ಬೆಳಿಗ್ಗೆ ಆರೂ ಮುಕ್ಕಾಲಿಗೆ ದೊಡ್ಡಮ್ಮನವರು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಸಂದೇಶವನ್ನು ದಾಟಿಸಿದರು. ಆ ಗುಂಪಿನ ಮೂವತ್ತೆಂಟು ಮಂದಿಯಲ್ಲಿ ಸದ್ಯಕ್ಕೆ ಬಾಣಂತಿ ಎನ್ನಿಸಿಕೊಂಡವಳು ನಾನೊಬ್ಬಳೇ. ಆದರೆ ಬಾಣಂತಿ ಫೋನು ನೋಡಿದರೆ ಕಣ್ಣು ಮಂಜಾಗುತ್ತದೆ ಎಂದು ನನ್ನ ಫೋನನ್ನು ದಾವಣಗೆರೆಯ ಆಸ್ಪತ್ರೆಯಿಂದ ಚಿತ್ರದುರ್ಗದ ತವರಿಗೆ ಬಂದ ದಿನವೇ ಅಲಮಾರಿಯಲ್ಲಿಟ್ಟು ಬೀಗ ಹಾಕಿದ್ದರಿಂದ, ನಾನು ಇವನ್ನೆಲ್ಲ ಓದುತ್ತಿಲ್ಲವೆಂದೇ ಎಲ್ಲರೂ ನಂಬಿದ್ದರು. ಮಗುವಿನ ಫೋಟೊ ತೆಗೆಯುವ ನೆಪದಲ್ಲಿ ತಂಗಿ ಅದನ್ನು ಹಿಂದಿನ ರಾತ್ರಿಯೇ ನನ್ನ ದಿಂಬಿನ ಕೆಳಗೆ ಸೇರಿಸಿದ್ದಳು. ದೃಷ್ಟಿಗೆಂದು ಇಟ್ಟಿದ್ದ ಕುಡುಗೋಲು ಅಲ್ಲಿ ಮೊದಲೇ ಇತ್ತು. ಎರಡೂ ಒಂದಕ್ಕೊಂದು ತಗುಲಿ ಸದ್ದು ಮಾಡದಂತೆ ನೋಡಿಕೊಳ್ಳುವುದೇ ಆ ದಿನದ ನನ್ನ ಮುಖ್ಯ ಕೆಲಸವಾಗಿತ್ತು.

ನಮ್ಮ ಗುಂಪಿನ ರೀತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತರಾಗಿದ್ದು ನಿವೃತ್ತರಾದ ದೊಡ್ಡಪ್ಪನವರೇ ಅದರ ಅಡ್ಮಿನ್. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯಬಾರದು, ವಾಕ್ಯವನ್ನು ಅರ್ಧಕ್ಕೆ ಬಿಡಬಾರದು, ಆಡುಮಾತನ್ನು ಹಾಗೆಯೇ ಬರೆಯಬಾರದು ಎಂಬುದು ಅವರ ನಿಯಮ; ತಪ್ಪಿದವರನ್ನು ಎಲ್ಲರೆದುರೇ ತಿದ್ದುತ್ತಾರೆ. ಆದ್ದರಿಂದ ನಮ್ಮ ಮನೆಯ ಜಗಳಗಳೂ ಕರ್ತೃ, ಕರ್ಮ, ಕ್ರಿಯಾಪದಗಳೊಂದಿಗೆ ನಡೆಯುತ್ತವೆ.

ದೊಡ್ಡಮ್ಮನವರು ಕಳುಹಿಸಿದ ಸಂದೇಶ ಈಗಾಗಲೇ ನೂರಾರು ಗುಂಪುಗಳನ್ನು ಸುತ್ತಿ ಬಂದಿತ್ತು. ತಲೆಯ ಮೇಲೆ ಜೋಡಿ ಬಾಣದ ಗುರುತಿತ್ತು. "ಭಾಣಂತಿಗೆ ನಲವತ್ತು ದಿನ ತಣ್ಣೀರು ಹಾಗಿರಲಿ, ಬಿಸಿನೀರನ್ನೂ ಬೇಡಿದಷ್ಟು ಕೊಡಬೇಡಿ. ನೀರು ಕುಡಿದರೆ ಹೊಟ್ಟೆ ಇಳಿಯುವುದಿಲ್ಲ, ಮಗುವಿಗೆ ಶೀತವಾಗುತ್ತದೆ. ನಮ್ಮ ಅಜ್ಜಿಯರು ಹತ್ತು ಹೆತ್ತರೂ ಗಟ್ಟಿಯಾಗಿದ್ದುದರ ಗುಟ್ಟು ಇದೇ. ಪ್ರತಿ ಹೆಣ್ಣುಮಗಳಿಗೂ ತಲುಪಿಸಿ" ಎಂದು ಅದರಲ್ಲಿತ್ತು; ಕೊನೆಗೆ ಕೈಮುಗಿದ ಆರು ಚಿತ್ರಗಳು. ತಮ್ಮ ಮಾತಾಗಿ ದೊಡ್ಡಮ್ಮನವರು ಸೇರಿಸಿದ್ದು ಒಂದೇ ವಾಕ್ಯ: "ನಮ್ಮ ಹುಡುಗಿ ರಾತ್ರಿ ಎರಡು ಸಲ ನೀರು ಕೇಳಿದಳೆಂದು ತಿಳಿದು ನನಗೆ ನಿದ್ದೆ ಬರಲಿಲ್ಲ."

ಮೊದಲ ಉತ್ತರ ದೊಡ್ಡಪ್ಪನವರದು. "ಬಾಣಂತಿ ಎಂಬಲ್ಲಿ ಅಲ್ಪಪ್ರಾಣವೇ ಸರಿ. ಉಳಿದಂತೆ ವಿಷಯ ಯುಕ್ತವಾಗಿದೆ."

ಎರಡನೆಯದು ಬೆಂಗಳೂರಿನಲ್ಲಿರುವ ಅಣ್ಣನದು. ಅವನು ಆ ಇಬ್ಬರ ಮಗನೇ. "ಅಮ್ಮ, ಈ ಮಾತಿನ ಮೂಲ ಯಾವುದು, ಬರೆದವರು ಯಾರು ಎಂದು ನೋಡಿದಿರಾ? ಅಜ್ಜಿಯರು ಹತ್ತು ಹೆತ್ತದ್ದು ನಿಜ, ಹತ್ತರಲ್ಲಿ ಎಷ್ಟು ಉಳಿದವೆಂಬುದನ್ನೂ ಬರೆಯಬೇಕಿತ್ತು. ತೀರ ಹಿಂದಕ್ಕೂ ಹೋಗಬೇಕಾಗಿಲ್ಲ. ಜನನ ಮರಣಗಳನ್ನು ಎಣಿಸುವ ಸರ್ಕಾರದ ಮಾದರಿ ನೋಂದಣಿಯ ಲೆಕ್ಕದಂತೆ 2001–03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು, 2018–20ರ ಹೊತ್ತಿಗೆ ಅದು 69ಕ್ಕೆ ಇಳಿದಿದೆ. ನೀರು ನಿಲ್ಲಿಸಿದ್ದರಿಂದ ಇಳಿದದ್ದಲ್ಲ."

ಅಣ್ಣ ಮೂಲ ಕೇಳುವುದು ಹೊಸದೇನಲ್ಲ. ಒಮ್ಮೆ ಯುಗಾದಿಯ ಪಂಚಾಂಗಕ್ಕೂ ಮೂಲ ಕೇಳಿ ಮೂರು ತಿಂಗಳು ಗುಂಪಿನಿಂದ ಹೊರಗಿದ್ದ.

ದೊಡ್ಡಪ್ಪನವರು ಅಂಕಿಗಳನ್ನು ಮುಟ್ಟಲಿಲ್ಲ. "ತಾಯಿಯನ್ನು ಸಭೆಯಲ್ಲಿ ಪ್ರಶ್ನಿಸುವ ವಿದ್ಯೆಯನ್ನು ನಾವು ನಿನಗೆ ಕಲಿಸಲಿಲ್ಲ. ಹಿರಿಯರು ಹನ್ನೊಂದು ದಿನದ ಪುರುಡನ್ನು ವಿಧಿಸಿದ್ದು ಸೋಂಕು ತಗುಲದಿರಲೆಂದು. ಇಂದು ಅದನ್ನೇ ಬೇರೆ ಹೆಸರಿನಿಂದ ಕರೆದು ಹೊಗಳುತ್ತೀರಿ. ಆಸ್ಪತ್ರೆಯನ್ನೇ ನಂಬುವವರು 2024ರಲ್ಲಿ ಬಳ್ಳಾರಿಯ ಆಸ್ಪತ್ರೆಯಲ್ಲಿ ಬಾಣಂತಿಯರು ಸತ್ತದ್ದನ್ನು ನೆನೆಯಲಿ" ಎಂದು ಬರೆದರು. ಅಣ್ಣ ಬಿಡಲಿಲ್ಲ. ಬಳ್ಳಾರಿಯಲ್ಲಿ ಅನುಮಾನ ಬಂದದ್ದು ಸಿರೆಗೆ ಹಾಕಿದ ದ್ರಾವಣದ ಗುಣಮಟ್ಟದ ಮೇಲೆ, ಕುಡಿದ ನೀರಿನ ಮೇಲಲ್ಲ ಎಂದ. ನಮ್ಮ ಜಿಲ್ಲೆಯ ಕೆಲವು ಹಟ್ಟಿಗಳಲ್ಲಿ ಬಾಣಂತಿಯನ್ನೂ ಕೂಸನ್ನೂ ಊರಾಚೆಯ ಗುಡಿಸಲಿನಲ್ಲಿ ಇರಿಸುವ ರೂಢಿಯನ್ನು ಖಂಡಿಸಿ ನೀವೇ ಪತ್ರಿಕೆಗೆ ಓಲೆ ಬರೆದವರಲ್ಲವೇ ಎಂದು ಕೇಳಿದ. "ಆ ಗುಡಿಸಲಿಗೂ ನಮ್ಮ ಮನೆಯ ಹಿಂದಿನ ಕೋಣೆಗೂ ಇರುವ ವ್ಯತ್ಯಾಸ ಹೆಂಚು ಮಾತ್ರ" ಎಂಬ ಅವನ ಮಾತಿಗೆ ಅರ್ಧ ಗಂಟೆ ಯಾರೂ ಉತ್ತರಿಸಲಿಲ್ಲ. ಆ ಹಿಂದಿನ ಕೋಣೆಯಲ್ಲೇ, ಕಿಟಕಿ ಮುಚ್ಚಿ, ಕಿವಿಗೆ ಹತ್ತಿ ತುರುಕಿಕೊಂಡು, ಸಿಸೇರಿಯನ್ ಹೊಲಿಗೆಯ ಮೇಲೆ ಕಟ್ಟಿದ ಹಳೆಯ ಪಂಚೆಯನ್ನು ಸಡಿಲಿಸುತ್ತ ನಾನು ಅದನ್ನು ಓದಿದೆ. ಹೆಂಚಿನ ಸಂದಿಯಿಂದ ಒಂದು ಬಿಸಿಲುಕೋಲು ಸಾಂಬ್ರಾಣಿ ಹೊಗೆಯೊಳಗೆ ಇಳಿದಿತ್ತು. ಪಕ್ಕದಲ್ಲಿ ಮಗು ಸೀನುತ್ತಿತ್ತು.

ಮೌನವನ್ನು ಮುರಿದದ್ದು ಹುಬ್ಬಳ್ಳಿಯಲ್ಲಿರುವ ಅತ್ತೆಯ ಮಗ. ಸಾಂಬ್ರಾಣಿ ಎಂದೊಡನೆ ತನಗೆ ಈ ಮನೆಯೇ ಕಣ್ಣ ಮುಂದೆ ಬರುತ್ತದೆಂದೂ, ಬಾಣಂತಿಯರಿಗೆಂದು ಕಟ್ಟಿದ ಅಂಟಿನ ಉಂಡೆಗಳನ್ನು ಜಂತೆಗೆ ತೂಗುಹಾಕಿದ ಬುಟ್ಟಿಯಿಂದ ತಾನು ಕದಿಯುತ್ತಿದ್ದುದಾಗಿಯೂ, ಅಂಥ ಉತ್ತತ್ತಿ, ಅಂಥ ಒಣಕೊಬ್ಬರಿ ಈಗ ಸಿಗುವುದಿಲ್ಲವೆಂದೂ ಹದಿನಾಲ್ಕು ಸಾಲು ಬರೆದ. ಅವನಿಗೆ ಹೃದಯದ ಚಿತ್ರಗಳು ಬಂದವು. ಆ ದಿನ ಇಡೀ ಚರ್ಚೆಯಲ್ಲಿ ಅತಿ ಹೆಚ್ಚು ಮೆಚ್ಚುಗೆ ಗಳಿಸಿದ್ದು ಬಾಣಂತಿಯ ಉಂಡೆಯನ್ನು ಕದ್ದವನ ಮಾತು.

ಒಂಬತ್ತು ಗಂಟೆಗೆ ಚಿಕ್ಕಮ್ಮ ಬರೆದರು. ಅವರು ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ; ಮನೆಗೆ ಕಿರಿಯ ಸೊಸೆ. ಅವರ ಬರವಣಿಗೆಯನ್ನು ನಾನು ಇಲ್ಲಿ ಬಹುತೇಕ ಹಾಗೆಯೇ ಕೊಡುತ್ತೇನೆ, ಏಕೆಂದರೆ ಗುಂಪಿನಲ್ಲಿ ಅದನ್ನು ಯಾರೂ ಪೂರ್ತಿ ಓದಲಿಲ್ಲ.

"ಹಿರಿಯರು ಕ್ಷಮಿಸಬೇಕು. ಹೆರಿಗೆಯಾದ ಕೂಡಲೇ ಗರ್ಭಕೋಶ ಸುಮಾರು ಒಂದು ಕಿಲೋ ತೂಗುತ್ತದೆ. ಅದು ಕುಗ್ಗಿ ಅರವತ್ತು ಗ್ರಾಂ ಆಸುಪಾಸಿಗೆ ಬರಲು ಆರು ವಾರ ಬೇಕು. ಹೊಟ್ಟೆ ದಪ್ಪ ಕಾಣುವುದಕ್ಕೆ ಒಂದು ಕಾರಣ ಇದು, ನೀರಲ್ಲ. ಎದೆಹಾಲಿನಲ್ಲಿ ಬಹುಪಾಲು ನೀರೇ ಇರುವುದರಿಂದ ಪ್ರತಿ ಸಲ ಹಾಲೂಡಿಸಲು ಕೂತಾಗಲೂ ಪಕ್ಕದಲ್ಲಿ ಒಂದು ಲೋಟ ನೀರಿರಬೇಕು. ಹೆರಿಗೆಯಾದ ಮೊದಲ ವಾರಗಳಲ್ಲಿ ರಕ್ತ ಸಹಜವಾಗಿಯೇ ಬೇಗ ಹೆಪ್ಪುಗಟ್ಟುವ ಸ್ಥಿತಿಯಲ್ಲಿರುತ್ತದೆ. ಅದರ ಮೇಲೆ ನೀರನ್ನೂ ನಿಲ್ಲಿಸಿ, ಅಲ್ಲಾಡದಂತೆ ಮಲಗಿಸಿದರೆ ಕಾಲಿನಲ್ಲೋ ಮಿದುಳಿನ ರಕ್ತನಾಳದಲ್ಲೋ ಹೆಪ್ಪು ಕೂರುವ ಅಪಾಯ ಹೆಚ್ಚುತ್ತದೆ. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿಯಷ್ಟು ಹೆಚ್ಚು ಆಹಾರ ಬೇಕು, ಬರೀ ಮೆಣಸಿನ ಸಾರು ಅನ್ನದಲ್ಲಿ ಅದು ಬರುವುದಿಲ್ಲ. ಕಬ್ಬಿಣದ ಮಾತ್ರೆಯನ್ನು 180 ದಿನ ನುಂಗಬೇಕು. ಆಸ್ಪತ್ರೆಯ ಹೆರಿಗೆಯಾದರೆ ನಾವು 3, 7, 14, 21, 28 ಮತ್ತು 42ನೆಯ ದಿನಗಳಂದು ಮನೆಗೆ ಹೋಗುತ್ತೇವೆ. ಹೋದಾಗ ಕೇಳುವುದು ಇಷ್ಟೇ: ಒಂದು ಗಂಟೆಯೊಳಗೆ ಬಟ್ಟೆ ಪೂರ್ತಿ ನೆನೆಯುವಷ್ಟು ರಕ್ತ ಹೋಗುತ್ತಿದೆಯೇ, ಜ್ವರವಿದೆಯೇ, ಸ್ರಾವಕ್ಕೆ ಕೆಟ್ಟ ವಾಸನೆಯಿದೆಯೇ, ತಲೆನೋವಿನೊಂದಿಗೆ ಕಣ್ಣು ಮಂಜಾಗುತ್ತಿದೆಯೇ, ಒಂದು ಮೀನಖಂಡ ಮಾತ್ರ ಊದಿ ನೋಯುತ್ತಿದೆಯೇ. ಇವುಗಳಲ್ಲಿ ಒಂದಿದ್ದರೂ ಆಸ್ಪತ್ರೆಗೆ ಹೋಗಬೇಕು, ಮರುದಿನಕ್ಕೆ ಕಾಯಬಾರದು. ಕಣ್ಣು ಮಂಜಾದರೆ ಫೋನನ್ನು ದೂರುತ್ತ ಕೂರಬಾರದು."

ಇದಕ್ಕೆ ಬಂದ ಮೊದಲ ಪ್ರತಿಕ್ರಿಯೆ ದಾವಣಗೆರೆಯ ಸೋದರತ್ತೆಯವರದು. ಆದರೆ ಅದು ಚಿಕ್ಕಮ್ಮನಿಗೆ ಬರೆದದ್ದಲ್ಲ. "ಆಹಾರದ ಮಾತು ಬಂದದ್ದರಿಂದ ಹೇಳುತ್ತೇನೆ. ನನ್ನ ಬಾಣಂತನದಲ್ಲಿ ಈ ಮನೆಯಲ್ಲಿ ತುಪ್ಪದ ಡಬ್ಬಿಯನ್ನು ಎಲ್ಲಿ ಇಡಲಾಗಿತ್ತೆಂಬುದು ಇಂದಿಗೂ ನನಗೆ ತಿಳಿದಿಲ್ಲ. ಶೇಂಗಾ ಕೀಳುವ ಸುಗ್ಗಿ ಬಂತೆಂದು ಇಪ್ಪತ್ತೊಂದನೆಯ ದಿನಕ್ಕೆ ನನ್ನನ್ನು ಬಸ್ಸು ಹತ್ತಿಸಿದವರು ಇಂದು ನಲವತ್ತು ದಿನದ ನಿಯಮ ಕಳುಹಿಸುತ್ತಿದ್ದಾರೆ." ದೊಡ್ಡಮ್ಮನವರು ಕೂಡಲೇ ಉತ್ತರಿಸಿದರು: "ಆಗ ನನಗೇ ಐದು ತಿಂಗಳಾಗಿತ್ತು. ಹಂಡೆಗಟ್ಟಲೆ ನೀರು ಕಾಯಿಸಿ ನಿನಗೆ ಎರೆದು, ನಿನ್ನ ಕೂಸಿನ ಬಟ್ಟೆ ಒಗೆದು, ಆಳುಗಳಿಗೆ ಬುತ್ತಿ ಕಟ್ಟಿದವಳು ನಾನು. ನನ್ನ ಸೊಂಟ ಅಂದು ಹೋದದ್ದು ಇಂದಿಗೂ ಬಂದಿಲ್ಲ." 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾದಾಗ ನಮ್ಮ ಕುಟುಂಬವೂ ಎರಡಾಯಿತೆಂದು ಅಪ್ಪ ನಗೆಯಾಡುವುದುಂಟು, ಅದರ ನಿಜವಾದ ಗಡಿಕಲ್ಲು ಆ ತುಪ್ಪದ ಡಬ್ಬಿಯೆಂದು ನನಗೆ ಅಂದು ತಿಳಿಯಿತು.

ಇಬ್ಬರ ಮಾತಿನಲ್ಲೂ ಹುರುಳಿತ್ತು ಎನ್ನುವುದು ನನ್ನ ಅಭಿಪ್ರಾಯ. ಬಾಣಂತನವೆಂದರೆ ತವರಿನ ವಾತ್ಸಲ್ಯವೆಂದು ನಾವು ಹೇಳಿಕೊಳ್ಳುತ್ತೇವೆ, ಆದರೆ ಆ ವಾತ್ಸಲ್ಯದ ನೀರು ಕಾಯಿಸುವವಳು ಯಾವಾಗಲೂ ಇನ್ನೊಬ್ಬರ ಮನೆಯಿಂದ ಬಂದ ಸೊಸೆ. ಎಪ್ಪತ್ತಕ್ಕೂ ಹೆಚ್ಚು ಸಂದೇಶಗಳಲ್ಲಿ ಗಂಡಸರು ನಿಯಮ, ಅಂಕಿ, ನೆನಪುಗಳನ್ನು ಬರೆದರೇ ವಿನಾ ರಾತ್ರಿ ಮೂರು ಗಂಟೆಗೆ ಮಗುವನ್ನು ಎತ್ತಿಕೊಳ್ಳುವವರು ಯಾರೆಂದು ಒಬ್ಬರೂ ಕೇಳಲಿಲ್ಲ. ಕೇಂದ್ರ ಸರ್ಕಾರದ ನೌಕರನಿಗೆ ಹೆಂಡತಿಯ ಹೆರಿಗೆಗೆಂದು 15 ದಿನದ ರಜೆಯಿದೆ. ಖಾಸಗಿ ಕಂಪನಿಯಲ್ಲಿರುವ ನನ್ನ ಗಂಡನಿಗೆ ಸಿಕ್ಕಿದ್ದು ನಾಲ್ಕು ದಿನ. ಐದನೆಯ ದಿನದಿಂದ ಅವರು ಅರವತ್ತು ಕಿಲೋಮೀಟರು ಆಚೆ ದಾವಣಗೆರೆಯಲ್ಲಿದ್ದಾರೆ.

ಗುಂಪಿನಲ್ಲಿ ತುಪ್ಪದ ವಿಚಾರಣೆ ನಡೆಯುತ್ತಿದ್ದಾಗ ಚಿಕ್ಕಮ್ಮ ನನಗೊಬ್ಬಳಿಗೇ ಒಂದು ಸಂದೇಶ ಕಳುಹಿಸಿದರು. ನಾನು ಓದುತ್ತಿರುವೆನೆಂಬುದು ಅವರಿಗೆ ಹೇಗೋ ತಿಳಿದಿತ್ತು. "ಅಳು ಬರುತ್ತಿದೆಯೇ?" ಎಂಬುದಷ್ಟೇ ಅದರಲ್ಲಿದ್ದದ್ದು. ನಾಲ್ಕನೆಯ ದಿನದಿಂದ ಕಾರಣವಿಲ್ಲದೆ ಅಳುತ್ತಿದ್ದೇನೆಂದೂ, ಅಮ್ಮ ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದ್ದಾಳೆಂದೂ ಬರೆದೆ. ಮೊದಲ ಎರಡು ವಾರ ಹಾಗಾಗುವುದು ಬಹಳ ಮಂದಿಗೆ ಸಹಜವೆಂದೂ, ಅದು ದಾಟಿದ ಮೇಲೂ ನಿಲ್ಲದಿದ್ದರೆ, ಮಗುವನ್ನು ಮುಟ್ಟಲೇ ಮನಸ್ಸಾಗದಿದ್ದರೆ, ಸಾಯಬೇಕೆನಿಸಿದರೆ ಮುಚ್ಚಿಡಬಾರದೆಂದೂ ಅವರು ಬರೆದರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಎಂಬ ಸಂಖ್ಯೆಯನ್ನು ಕೊಟ್ಟು, ಕನ್ನಡದಲ್ಲೇ ಮಾತನಾಡಬಹುದು, ಹೊತ್ತಲ್ಲದ ಹೊತ್ತಿನಲ್ಲೂ ಎತ್ತುತ್ತಾರೆ ಎಂದರು. ಆಮೇಲೆ ನಾನೇ ಹುಡುಕಿ ಓದಿದೆ. ನಮ್ಮ ದೇಶದ 38 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದ ಲೆಕ್ಕದಂತೆ ಶೇಕಡಾ 22ರಷ್ಟು ತಾಯಂದಿರಲ್ಲಿ ಹೆರಿಗೆಯ ನಂತರದ ಖಿನ್ನತೆ ಕಂಡುಬಂದಿದೆ. ಅಂದರೆ ನಮ್ಮ ಗುಂಪಿನ ಹೆಂಗಸರಲ್ಲೇ ಮೂರು ನಾಲ್ಕು ಮಂದಿ ಅದನ್ನು ಹಾದು ಬಂದಿರಬಹುದು. ಅವರೆಲ್ಲರಿಗೂ ಇಳಿ ತೆಗೆದಿರಬೇಕು.

ಹನ್ನೊಂದೂವರೆಗೆ ಸಿಕ್ಕಿಬಿದ್ದೆ. ತನ್ನ ಮಾತನ್ನು ದೊಡ್ಡಪ್ಪನವರು ಓದಿದರೋ ಇಲ್ಲವೋ ಎಂದು ಅಣ್ಣ ಓದಿದವರ ಪಟ್ಟಿಯನ್ನು ತೆರೆದು ನೋಡಿದಾಗ ಅದರ ಮೇಲ್ತುದಿಯಲ್ಲೇ ನನ್ನ ಹೆಸರಿತ್ತು. ಅವನು ಸಂತೋಷದಿಂದ ಅದನ್ನು ಪ್ರಕಟಿಸಿದ. ನೀರಿನ ಪ್ರಶ್ನೆ ಅಲ್ಲಿಗೆ ಮುಗಿಯಿತು. ಬಾಣಂತಿಗೆ ಫೋನು ಕೊಟ್ಟವರು ಯಾರು ಎಂಬುದು ಹೊಸ ಪ್ರಶ್ನೆಯಾಯಿತು. ದೊಡ್ಡಮ್ಮನವರು ಅಮ್ಮನ ಸಲುಗೆಯನ್ನು ದೂರಿದರು. ಅತ್ತೆಯವರು ಈ ಮನೆಯಲ್ಲಿ ಕೆಲವರಿಗೆ ಯಾವಾಗಲೂ ರಿಯಾಯಿತಿ ಇತ್ತೆಂದರು. ಗುಂಪಿನಲ್ಲಿ ಹಬ್ಬದ ಶುಭಾಶಯದ ಚಿತ್ರಗಳನ್ನಲ್ಲದೆ ಎಂದೂ ಏನನ್ನೂ ಬರೆಯದ ಅಮ್ಮ, ತಂಗಿಯ ಹೆಸರು ಬರುವ ಮೊದಲೇ, "ನಾನೇ ಕೊಟ್ಟೆನು" ಎಂದು ಬರೆದಳು. ಸುಳ್ಳು, ಆದರೆ ವಾಕ್ಯ ಪೂರ್ಣವಾಗಿತ್ತು.

ಇಷ್ಟು ಹೊತ್ತು ಎಲ್ಲರೂ ಯಾರ ಹೆಸರಿನಲ್ಲಿ ವಾದಿಸುತ್ತಿದ್ದರೋ ಆ ಅಜ್ಜಿ ನನ್ನ ಕೋಣೆಯ ಹೊಸ್ತಿಲಲ್ಲೇ ಕೂತು ಮಗುವಿನ ಕುಲಾವಿ ಹೊಲಿಯುತ್ತಿದ್ದಳು. ಅವಳ ಬಳಿ ಫೋನಿಲ್ಲ. ತೊಂಬತ್ತಕ್ಕೆ ಬಂದವಳಿಗೆ ಯಾವ ಪುರುಡು ಎಂದು ಒಳಗೂ ಬಂದು ಹೋಗುತ್ತಾಳೆ. ನಲವತ್ತು ದಿನ ನೀರು ಕುಡಿಯದೆ ಹೇಗಿದ್ದೆ ಎಂದು ಕೇಳಿದೆ. ಅವಳು ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ನನ್ನನ್ನೇ ನೋಡಿದಳು.

"ಕುಡೀಬಾರ್ದು ಅಂತ ಯಾರವ್ವಾ ಹೇಳಿದ್ದು? ಮನ್ಯಾಗೆ ನೀರೆಲ್ಲಿತ್ತು? ಬಾವಿ ಊರಾಚೆಗಿತ್ತು. ಹೊತ್ತು ತರೋ ಸೊಸೆ ನಾನೇ ಮಲಗಿದ್ದೆ."

ಚಳ್ಳಕೆರೆ ಸೀಮೆಯ ಆ ಹಳ್ಳಿಯನ್ನು ನಾನು ಬೇಸಿಗೆಯಲ್ಲಿ ನೋಡಿದ್ದೇನೆ, ಆದ್ದರಿಂದ ಮತ್ತೆ ಕೇಳಬೇಕಾಗಲಿಲ್ಲ. ಫೋನು ನನ್ನಲ್ಲಿರುವುದು ಹೇಗೂ ಬಯಲಾಗಿತ್ತು. ಅಜ್ಜಿ ಆಡಿದ ಮಾತನ್ನು ಒಂದಕ್ಷರವೂ ತಿದ್ದದೆ ಗುಂಪಿಗೆ ಬರೆದೆ. ಗುಂಪು ಸಂಜೆಯವರೆಗೆ ಸುಮ್ಮನಿತ್ತು.

ದೀಪ ಹಚ್ಚುವ ಹೊತ್ತಿಗೆ ದೊಡ್ಡಪ್ಪನವರಿಂದ ನನಗೆ ಪ್ರತ್ಯೇಕವಾಗಿ ಒಂದು ಸಂದೇಶ ಬಂತು. ಅವರು ಅಜ್ಜಿಯ ಚೊಚ್ಚಲ ಮಗ. "ಹಾಗಾದರೆ ನಾನು ಹುಟ್ಟಿದಾಗ ನೀರು ತಂದವರು ಯಾರೆಂದು ಅವ್ವನನ್ನು ಕೇಳಿ ತಿಳಿಸು."

ಕೇಳಿದೆ. "ಪುರುಡು ಕಳಿಯೋ ತನಕ ಪಕ್ಕದ್ಮನೆ ಅಕ್ಕ ದಿನಕ್ಕೊಂದು ಕೊಡ ಹಾಕ್ತಿದ್ಲು. ಹನ್ನೆರಡ್ನೇ ದಿನ ನಾನೇ ಹೋದೆ. ಇವ್ನು ಜೋಳಿಗ್ಯಾಗೆ ಒಂದೇ ಸಮ ಅಳ್ತಿದ್ದ. ಎತ್ತಿಕೊಳ್ಳಾಕೆ ಆಗ್ಲಿಲ್ಲ, ತಲೆ ಮ್ಯಾಲೆ ಕೊಡ ಇತ್ತು."

ಅದನ್ನು ಗುಂಪಿಗೆ ಹಾಕದೆ ಅವರೊಬ್ಬರಿಗೇ ಕಳುಹಿಸಿದೆ. ಎರಡು ನೀಲಿ ಗೆರೆಗಳು ಕೂಡಲೇ ಬಂದವು. ಜೋಳಿಗ್ಯಾಗೆ ಎಂಬುದನ್ನು ಅವರು ಇದುವರೆಗೂ ತಿದ್ದಿಲ್ಲ.